ನೆಲದ ಡೊಂಕು

ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ. ಈ ಗಾದೇನ ನಾನು ನನ್ನ ಓರಗಿತ್ತಿಯ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟೆ. ಅವಳು ನಡುಮನೆಯ ಮಂಚದ ಮೇಲೆ ದಿಂಬಿಗೆ ಒರಗಿಕೊಂಡು ಹುರಳೀಕಾಯಿ ನಾರು ತೆಗೀತಾ ಇದ್ದಳು. ಕೈ ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ.

"ಹೌದು ಕಣೇ, ನೆಲ ಡೊಂಕೇ. ನಿಂಗೆ ಗೊತ್ತಿಲ್ವಾ?" ಅಂದಳು.

ಗಾದೆ ನನಗೇ ತಿರುಗಿ ಹೊಡೀತು. ಯಾಕಂದ್ರೆ ನೆಲ ನಿಜವಾಗಿಯೂ ಡೊಂಕಾಗಿತ್ತು.

ನಮ್ಮ ಮನೆ ಇರೋದು ಶಿರಾದ ಹಳೇ ಪೇಟೆ ಬೀದೀಲಿ. ಮುಂದೆ ಮಾಮೂಲಿ ಮನೆ, ನಡುಮನೆ ದಾಟಿದರೆ ಹಿಂದೆ ಒಂದು ದೊಡ್ಡ ಕೋಣೆ. ಅದನ್ನ ಇವತ್ತಿಗೂ ನಾವು ಗೋಡೌನು ಅಂತಲೇ ಕರೆಯೋದು. ಮಾವನವರ ಕಾಲದಲ್ಲಿ ಅಲ್ಲಿ ಕಡ್ಲೆಕಾಯಿ ಮೂಟೆ ಪೇರಿಸ್ತಿದ್ದರು. ಮೂಟೆಗೆ ನೆಲದ ತೇವ ತಾಕಬಾರದು ಅಂತ ಸಾಲಾಗಿ ಕಲ್ಲು ನಿಲ್ಲಿಸಿ, ಕಲ್ಲಿನ ಮೇಲೆ ತೊಲೆ ಮಲಗಿಸಿ, ತೊಲೆಯ ಮೇಲೆ ಹಲಗೆ ಹೊಡೆದಿದ್ದರು. ಕೆಳಗೆಲ್ಲ ಪೊಳ್ಳು. ಹಿತ್ತಲ ಕಡೆಗೆ ಒಂದು ಅಗಲ ಬಾಗಿಲು. ಗಾಡಿಯಿಂದ ಮೂಟೆ ಸೀದಾ ಒಳಕ್ಕೆ ಎಳೆಯೋಕೆ ಅಡ್ಡಿ ಆಗದಿರಲಿ ಅಂತ ಆ ಬಾಗಿಲಿಗೆ ಹೊಸ್ತಿಲೇ ಇಟ್ಟಿಲ್ಲ. ಬಾಗಿಲು ದಾಟಿ ಕಾಲಿಟ್ಟರೆ ಮಂಡಿಗಿಂತ ಆಳದಲ್ಲಿ ಹಿತ್ತಲ ಕಲ್ಲು ಚಪ್ಪಡಿ. ಎಷ್ಟೋ ವರ್ಷ ಮೂಟೆ ಹೊತ್ತು ಹೊತ್ತು ಆ ಹಲಗೆಗಳು ನಡುವೆ ಬಗ್ಗಿ, ಅಂಚಿನಲ್ಲಿ ಎದ್ದು, ಒಂದೊಂದು ಒಂದೊಂದು ಕಡೆ ಮುಖ ಮಾಡಿಕೊಂಡಿದ್ದವು.

ವ್ಯಾಪಾರ ನಿಂತ ಮೇಲೆ ಆ ಕೋಣೆ ಅಕ್ಕನದಾಯಿತು. ಅಕ್ಕ ಅಂದ್ರೆ ಇದೇ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಬಾವನವರು ಹೋಗಿ ಬಹಳ ಕಾಲವಾಯಿತು. ಅಕ್ಕ ಪಾವಗಡದ ಕಡೆಯವಳು. ಖುಷಿಯಾಗಿದ್ದರೆ ಕನ್ನಡ, ಸಿಟ್ಟು ಬಂದರೆ ತೆಲುಗು. ಬೇಸಿಗೇಲಿ ತಣ್ಣಗಿರುತ್ತೆ, ಕಡ್ಲೆಕಾಯಿ ವಾಸನೆ ಬರುತ್ತೆ ಅಂತ ಅವಳಿಗೆ ಆ ಕೋಣೆ ಅಂದ್ರೆ ಪ್ರಾಣ. ನಾನು ಹೈಸ್ಕೂಲಲ್ಲಿ ಪಿ.ಟಿ. ಟೀಚರು. ಬೆಳಗ್ಗೆ ನಾನು ಸೀಟಿ ಕುತ್ತಿಗೆಗೆ ಹಾಕಿಕೊಂಡು ಹೊರಟರೆ ಮನೆ ಅವಳ ಕೈಗೆ. ನನ್ನ ಯಜಮಾನರು ಬಸ್ ಡಿಪೋದಲ್ಲಿ ಕೆಲಸ, ಮನೇಲಿರೋದು ಊಟಕ್ಕೆ ಮತ್ತು ನಿದ್ದೆಗೆ. ಈ ಕತೇಲಿ ಅವರ ಪಾತ್ರ ಅಷ್ಟೇ.

ಅಕ್ಕನಿಗೆ ಒಂದು ಹುಚ್ಚಿತ್ತು, ನೆಲ ತೊಳೆಯೋದು. ಒರೆಸೋದಲ್ಲ, ತೊಳೆಯೋದು. ಹಬ್ಬ ಬಂತು ಅಂದ್ರೆ ಸೀರೆ ಎತ್ತಿ ಕಟ್ಟಿ, ಬಿಂದಿಗೆ ಬಿಂದಿಗೆ ನೀರು ಎರಚಿ, ಕಡ್ಡಿ ಪೊರಕೆಯಿಂದ ಬಡಿದು ಬಡಿದು ನೂಕುತ್ತಿದ್ದಳು. ಆದ್ದರಿಂದ ಅವಳಿಗೆ ನೆಲ ಅಂದ್ರೆ ಮೊದಲು ವಾಟ. ನೀರು ತಾನಾಗಿ ಬಾಗಿಲ ಕಡೆಗೆ ಹರಿಯೋ ಹಾಗೆ ನೆಲವನ್ನ ಒಂಚೂರು ಇಳಿಜಾರು ಮಾಡಿರಬೇಕು. ಯಾರದ್ದಾದರೂ ಹೊಸ ಮನೆಗೆ ಹೋದರೆ ಎಲ್ಲರೂ ದೇವರ ಮನೆ, ಅಡಿಗೆ ಮನೆ ನೋಡಿದರೆ ಇವಳು "ವಾಟ ಯಾವ ಕಡೀಕಿಟ್ಟವ್ರೆ?" ಅಂತ ಕೇಳೋಳು. ನಮ್ಮ ಬಚ್ಚಲು ಹೊಸದಾಗಿ ಕಟ್ಟಿಸಿದಾಗ ಒಂದು ಬಿಂದಿಗೆ ನೀರು ಸುರಿದು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು. ಒಂದು ಮೂಲೇಲಿ ಅಂಗೈಯಗಲ ನೀರು ನಿಂತಿತು. ಮೇಸ್ತ್ರಿ ಕೈಲಿ ಪೂರ್ತಿ ನೆಲ ಕೀಳಿಸಿ ಮತ್ತೆ ಹಾಕಿಸಿದಳು. ಅವತ್ತಿನಿಂದ ಆ ಮೇಸ್ತ್ರಿಗೆ ನನ್ನ ಮೇಲೆ ಗೌರವ, ಅವಳ ಮೇಲೆ ಭಯ.

ಇಂಥೋಳು ಬಿದ್ದಳು. ಬಚ್ಚಲಲ್ಲೂ ಅಲ್ಲ, ಮೆಟ್ಟಿಲ ಮೇಲೂ ಅಲ್ಲ, ಅವಳ ಪ್ರೀತಿಯ ಗೋಡೌನಿನಲ್ಲೇ. ಮೊರ ಹಿಡಿದುಕೊಂಡು ಬರ್ತಿದ್ದೋಳಿಗೆ ಎದ್ದ ಹಲಗೆಯ ತುದಿ ಬೆರಳಿಗೆ ತಗುಲಿ, ಮುಂದಿನ ತಗ್ಗಿಗೆ ಕಾಲು ಹೋಗಿ, ಸೊಂಟದ ಮೂಳೆ ಮುರೀತು. ತುಮಕೂರಲ್ಲಿ ಆಪರೇಷನ್ ಆಯಿತು. ರಾಡು ಹಾಕಿದರು. ಮನೆಗೆ ತಂದು ನಡುಮನೇಲಿ ಮಂಚ ಹಾಕಿ ಮಲಗಿಸಿದೆವು.

ಮೂಳೆ ಕೂಡಿಕೊಂಡಿತು. ಡಾಕ್ಟರು ಎಕ್ಸ್‌ರೇ ಫೋಟೋ ನೋಡಿ, "ಇನ್ನು ಕಾಲೂರಬೇಕಮ್ಮ, ಭಾರ ಬಿಡಬೇಕು. ಬಿಡ್ಲಿಲ್ಲ ಅಂದ್ರೆ ಕೀಲು ಹಿಡ್ಕೊಂಡು ಮಂಚಾನೇ ಗತಿ ಆಗುತ್ತೆ" ಅಂತ ಬಿಡಿಸಿ ಹೇಳಿದರು. ಅಕ್ಕ ಅಲ್ಲಿ ತಲೆಯಾಡಿಸಿದಳು. ಮನೆಗೆ ಬಂದು ಕಾಲು ಮಡಚಿಕೊಂಡು ಗೋಡೆ ಕಡೆ ತಿರುಗಿದಳು.

ನಾನು ಬಿಡ್ತೀನಾ? ಶಾಲೇಲಿ ನಾನು ಒಂದು ಸೀಟಿ ಊದಿದರೆ ಮೈದಾನದ ಮಕ್ಕಳೆಲ್ಲ ಸಾಲಾಗಿ ನಿಲ್ತಾರೆ. ಮನೇಲಿ ಒಬ್ಬಳನ್ನ ನಿಲ್ಲಿಸೋಕೆ ಆಗಲ್ವಾ ಅಂತ ಜಂಬ. ಬೆಳಗ್ಗೆ ಸಂಜೆ "ಏಳಕ್ಕಾ, ಊರಕ್ಕಾ" ಅಂತ ಹಿಂದೆ ಬಿದ್ದೆ. ವಾಕರ್ ತಂದೆ, ಅದರ ಮೇಲೆ ಟವೆಲ್ ಒಣಗಿಹಾಕಿದಳು. ವೀಲ್‌ಚೇರು ತಂದೆ, ಅದರ ಮೇಲೆ ಕೂತಳು, ಆದರೆ ಕಾಲು ಎತ್ತಿ, ಚೇರಿನ ಕಾಲಿಡೋ ಪಟ್ಟಿಯ ಮೇಲೆ ಇಟ್ಟೇ ಕೂತಳು. ಎಡಗಾಲು ಗಟ್ಟಿಮುಟ್ಟಾಗಿತ್ತು. ಆಪರೇಷನ್ ಆದ ಬಲಗಾಲನ್ನ ಮಾತ್ರ ಬೇರೆ ಯಾರದೋ ಮಗುವನ್ನ ಎತ್ತಿದ ಹಾಗೆ ಎರಡೂ ಕೈಯಲ್ಲಿ ಎತ್ತಿ ಇಟ್ಟುಕೊಳ್ಳೋಳು. "ಇದು ನಂದಲ್ಲ ಕಣೇ, ಹೋಗ್ಬುಟ್ಟೈತೆ" ಅನ್ನೋಳು.

ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಆದರೆ ಅವಳನ್ನ ಒಂದು ಸಲ ಬಲವಂತವಾಗಿ ಎತ್ತೋಕೆ ಹೋದಾಗ ನನ್ನ ಮಣಿಕಟ್ಟು ಹಿಡಿದಳಲ್ಲ, ಆ ಹಿಡಿತ ಇನ್ನೂ ಮರೆತಿಲ್ಲ. ಉಗುರು ನಾಟೋ ಹಾಗೆ ಹಿಡಿದು, ಬೀಳಿಸ್ಬೇಡ್ವೇ ಅಂದಳು. ಹಾವು ಬಂದರೆ ಪೊರಕೆ ಹಿಡಿದು ಹೋಗೋ ಹೆಂಗಸು ಅವಳು. ಅವಳಿಗೆ ಭಯ ಅನ್ನೋದು ಇರಬಹುದು ಅಂತ ನನಗೆ ಯಾವತ್ತೂ ಹೊಳೆದೇ ಇರಲಿಲ್ಲ. ಅವಳು ಎದ್ದೇಳದೇ ಹೋದರೆ ಏನು ಗತಿ ಅನ್ನೋ ಭಯ ನನಗೂ ಇತ್ತು. ಅದನ್ನ ತೋರಿಸೋಕೆ ಬರದೆ ಕೂಗಾಡ್ತಿದ್ದೆ, ಅಷ್ಟೇ.

ಹಾಗೆ ಕೂಗಾಡುವಾಗಲೇ ಆ ಗಾದೆ ಬಾಯಿಗೆ ಬಂದಿದ್ದು. ಅವಳು ನೆಲ ಡೊಂಕೇ ಅಂದಳು. "ಆ ಕೋಣೆ ನೆಲ ನನ್ನ ನುಂಗ್ತು. ಅದರ ಮೇಲೆ ನಾನು ಕಾಲಿಡಲ್ಲ" ಅಂದಳು.

"ಸರಿ. ಡೊಂಕನ್ನೇ ತೆಗೆಸ್ತೀನಿ. ಆಮೇಲೆ ಯಾವ ನೆಪ ಹೇಳ್ತೀಯೋ ನೋಡ್ತೀನಿ" ಅಂದೆ.

ಹೇಳಿದ್ದು ಹಟಕ್ಕೆ, ಆದರೆ ಹೇಳಿದ ಮೇಲೆ ಮಾಡಬೇಕಲ್ಲ. ಟೈಲ್ಸ್ ಹಾಕಿಸೋಣ ಅಂದ್ರೆ ಆ ಹಳೇ ಹಲಗೆ ಸಿಮೆಂಟಿನ ಭಾರ ತಡೆಯಲ್ಲ. ಹಲಗೆ ಕಿತ್ತು ಮಣ್ಣು ತುಂಬಿಸೋಕೆ ಹೋದರೆ ಗೋಡೇನೇ ಅಲುಗಾಡುತ್ತೆ. ನಮ್ಮ ಶಾಲೆಯ ಒಬ್ಬ ಟೀಚರ ಮನೇಲಿ ಲ್ಯಾಮಿನೇಟ್ ನೆಲ ನೋಡಿದ್ದೆ. ಮರದ ಥರಾನೇ ಕಾಣುತ್ತೆ, ಪಟ್ಟಿ ಪಟ್ಟಿ, ಒಂದಕ್ಕೊಂದು ಕಚ್ಚಿಸಿ ಜೋಡಿಸ್ತಾರೆ, ಹಗುರ. ಬರಿಗಾಲಿಗೆ ತಣ್ಣಗೆ ಕೊರೆಯಲ್ಲ. ಅದನ್ನ ಜೋಡಿಸೋ ತುಮಕೂರಿನ ಹುಡುಗರು ಬಂದು ಗೋಡೌನು ನೋಡಿ ನಕ್ಕುಬಿಟ್ಟರು. "ಮೇಡಂ, ಈ ಉಬ್ಬು ತಗ್ಗಿನ ಮೇಲೆ ಹಾಕಿದ್ರೆ ಜಾಯಿಂಟೆಲ್ಲ ಬಿಟ್ಕೊಳ್ಳುತ್ತೆ. ಮೊದಲು ಕೆಳಗಿನದು ಸಪಾಟು ಮಾಡಿಸಿ, ಆಮೇಲೆ ಕರೀರಿ" ಅಂದರು.

ಬಡಗಿಗಳು ಯಾರೂ ಸಿಗಲಿಲ್ಲ. ಹೊಸ ಮನೆಗಳ ಬಾಗಿಲು ಕಿಟಕಿ ಬಿಟ್ಟು ಹಳೇ ಹಲಗೆ ಮುಟ್ಟೋಕೆ ಅವರಿಗೆ ಪುರುಸೊತ್ತಿಲ್ಲ. ಕೊನೆಗೆ ಸಿಕ್ಕಿದ್ದು ಬಚ್ಚಲು ಕಟ್ಟಿದ ಅದೇ ಗಾರೆ ಮೇಸ್ತ್ರಿ. "ಮರ ಆದ್ರೇನು, ಸಿಮೆಂಟಾದ್ರೇನು, ನೆಲ ನೆಲಾನೇ ಅಲ್ವಾ ಮೇಡಂ?" ಅಂದ. ನಡುಮನೆಗೆ ಬಂದವನು ಮಂಚದ ಮೇಲಿದ್ದ ಅಕ್ಕನನ್ನ ನೋಡಿ ಕಾಲು ಮತ್ತೊಂದು ಸಲ ಒರೆಸಿಕೊಂಡ.

ಮೊದಲ ದಿನ ರಜೆ ಹಾಕಿ ನಾನೂ ನಿಂತೆ. ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯನ್ನ ಹಲಗೆಗಳ ಮೇಲೆ ಅಡ್ಡ ಮಲಗಿಸಿ, ನೆಲಕ್ಕೆ ಕೆನ್ನೆ ಹಚ್ಚಿ ಬೆಳಕು ನೋಡ್ತಿದ್ದ. ಪಟ್ಟಿಯ ಕೆಳಗೆ ಬೆಳಕು ಕಂಡರೆ ತಗ್ಗು, ಪಟ್ಟಿ ತೂಗಾಡಿದರೆ ಉಬ್ಬು. ತಗ್ಗಿಗೆ ಸೊನ್ನೆ, ಉಬ್ಬಿಗೆ ಅಡ್ಡಗೆರೆ ಅಂತ ಸೀಮೆಸುಣ್ಣದಲ್ಲಿ ನಾನು ಗುರುತು ಹಾಕಿದೆ. ಸಂಜೆ ಹೊತ್ತಿಗೆ ಇಡೀ ಕೋಣೆ ನಮ್ಮ ಶಾಲೆ ಅಂಗಳದ ಕುಂಟೆಬಿಲ್ಲೆ ಮನೆ ಆಗಿತ್ತು. ಸಡಿಲವಾಗಿ ಕಿರುಗುಟ್ಟೋ ಹಲಗೆಗಳನ್ನ ತೊಲೆಗೆ ಸೇರಿಸಿ ಸ್ಕ್ರೂ ಬಿಗಿದ. ಎದ್ದ ಅಂಚುಗಳನ್ನ ಉಜ್ಜುಗೊರಡು ಹಾಕಿ ಹೆರೆದ. ಹೆರೆದ ಹಾಗೆಲ್ಲ ಹಲಗೆಯೊಳಗಿಂದ ಕಡ್ಲೆಕಾಯಿ ಎಣ್ಣೆಯ ವಾಸನೆ ಎದ್ದು ನಡುಮನೆ ತನಕ ಹೋಯಿತು.

"ಯಾರೇ ಅದು ಕಡ್ಲೆಕಾಯಿ ಹುರೀತಿರೋದು?" ಅಂತ ಅಕ್ಕ ಅಲ್ಲಿಂದಲೇ ಕೇಳಿದಳು.

ಒಂದು ಸಂದಿಯಿಂದ ಮೂಟೆ ಹೊಲಿಯೋ ದಬ್ಬಣ ಸಿಕ್ಕಿತು, ತುಕ್ಕು ಹಿಡಿದಿತ್ತು. ತಗೊಂಡು ಹೋಗಿ ಅಕ್ಕನ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದಳು. "ಇದು ಕಳೀತು ಅಂತ ನಿಮ್ಮ ಬಾವ ಎಷ್ಟು ರೇಗಾಡಿದ್ರು ಗೊತ್ತಾ? ನಾನೇ ಎಲ್ಲೋ ಇಟ್ಟಿದೀನಿ ಅಂತ" ಅಂದಳು. ಆಮೇಲೆ ದಿಂಬಿನ ಕೆಳಗೆ ಇಟ್ಟುಕೊಂಡಳು. ಆ ದಿನ ನಾನು ಕಾಲಿನ ಮಾತೇ ಎತ್ತಲಿಲ್ಲ.

ಮಾರನೇ ದಿನದಿಂದ ನಾನು ಶಾಲೆಗೆ ಹೋದೆ. ಮೇಸ್ತ್ರಿ ತಗ್ಗುಗಳಿಗೆ ತೆಳು ಪಟ್ಟಿಗಳನ್ನ ಕೊಟ್ಟು ಏರಿಸಿ, ಅದರ ಮೇಲೆ ಇಡೀ ಕೋಣೆಗೆ ಪ್ಲೈವುಡ್ ಹೊಡೆಯಬೇಕಿತ್ತು. ನಡುಮನೆಯ ಬಾಗಿಲಿಂದ ಗೋಡೌನು ಪೂರ್ತಿ ಕಾಣುತ್ತೆ. ಅಕ್ಕ ಮಂಚದ ಮೇಲೆ ಕೂತೇ ಅವನ ಮೇಲೆ ಕಣ್ಣಿಟ್ಟಿರ್ತಾಳೆ ಅಂತ ನನಗೆ ಗೊತ್ತಿತ್ತು, ಒಳ್ಳೇದೇ ಆಯಿತು ಅಂದುಕೊಂಡೆ. ಪ್ಲೈವುಡ್ ಹೊಡೆದು ಮುಗಿಸಿದ ದಿನ ಸಂಜೆ ಬಂದು ನೋಡ್ತೀನಿ, ಬಲು ಚೆನ್ನಾಗಿತ್ತು. ಬರಿಗಾಲಲ್ಲಿ ಈ ಗೋಡೆಯಿಂದ ಆ ಗೋಡೆಗೆ ಓಡಾಡಿದೆ, ಎಲ್ಲೂ ಎಡವಲಿಲ್ಲ.

"ಅಕ್ಕಾ, ಡೊಂಕು ಹೋಯ್ತು. ಇನ್ನೇನು ಹೇಳ್ತೀಯಾ?" ಅಂತ ಗೆದ್ದವಳ ಹಾಗೆ ಕೇಳಿದೆ.

ಅವಳು ಜಗಳ ಆಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಅಂದಳು: "ನೆಲ ಸರಿ ಆದ್ರೆ ಕಾಲು ಬರ್ತದೇನೇ? ಆ ಕೋಣೇಲಿ ನಾನಿನ್ನು ನಡೆಯೋದುಂಟಾ? ಬಂದೋರು ಹೋದೋರು ಮಲಗ್ತಾರೆ ಬುಡು."

ಅವಳ ದನೀಲಿ ನೆಪ ಇರಲಿಲ್ಲ. ನಂಬಿಕೊಂಡೇ ಹೇಳಿದ ಹಾಗಿತ್ತು. ನಾನು ಅಡಿಗೆ ಮನೆಗೆ ಹೋಗಿ ಮುದ್ದೆಗೆ ಎಸರಿಟ್ಟೆ. ಇಷ್ಟೆಲ್ಲ ಮಾಡಿಸಿದ್ದು ಯಾರಿಗೋಸ್ಕರ ಅಂತ ಸಿಟ್ಟೂ ಬಂತು, ದುಃಖಾನೂ ಆಯಿತು.

ತುಮಕೂರಿನ ಹುಡುಗರು ಬಂದರು. ಅವರೂ ಉದ್ದನೆ ಪಟ್ಟಿ ಹಾಕಿ ನೋಡಿದರು. ಉಬ್ಬಿಲ್ಲ, ತಗ್ಗಿಲ್ಲ, ಸಪಾಟಾಗಿದೆ ಅಂತ ತಲೆಯಾಡಿಸಿ ತೆಳ್ಳನೆ ಫೋಮು ಹಾಸಿದರು. ಅದರ ಮೇಲೆ ಪಟ್ಟಿಗಳನ್ನ ಟಕ್ ಟಕ್ ಅಂತ ಕಚ್ಚಿಸಿ, ಹಿಗ್ಗೋಕೆ ಜಾಗ ಬೇಕು ಅಂತ ಗೋಡೆಯ ಸುತ್ತ ಒಂದು ಸಂದು ಬಿಟ್ಟು, ಅದು ಕಾಣದ ಹಾಗೆ ಅಂಚಿಗೆ ಬೀಡಿಂಗ್ ಪಟ್ಟಿ ಹೊಡೆದರು. ಹೋಗುವಾಗ, "ಬಕೆಟ್ ನೀರು ಹಾಕಬೇಡಿ ಮೇಡಂ, ಉಬ್ಬಿಕೊಳ್ಳುತ್ತೆ. ಬಟ್ಟೆ ಒದ್ದೆ ಮಾಡಿ ಹಿಂಡಿ ಒರೆಸಿದ್ರೆ ಸಾಕು" ಅಂದರು. ಅಕ್ಕ ಎದ್ದು ತೊಳೆಯೋಕೆ ಬರ್ತಾಳೆ ಅನ್ನೋ ಹಾಗಿದ್ದರೆ ತಾನೇ ಆ ಚಿಂತೆ ಅಂದುಕೊಂಡೆ, ಅಕ್ಕನಿಗೆ ಅದನ್ನ ಹೇಳೋಕೂ ಹೋಗಲಿಲ್ಲ.

ಭಾನುವಾರ ಬೆಳಗ್ಗೆ ಅಕ್ಕನನ್ನ ವೀಲ್‌ಚೇರಿಗೆ ಕೂರಿಸಿದೆ. "ನಡೀಬೇಡ. ನೋಡು ಸಾಕು" ಅಂದೆ. ನಡುಮನೆಯ ಹೊಸ್ತಿಲು ದಾಟಿಸೋಕೆ ಅಡ್ಡ ಬರುತ್ತೆ ಅಂತ ಕಾಲಿಡೋ ಪಟ್ಟಿಗಳನ್ನ ಮಡಚಿದ್ದೆ. ಚೇರನ್ನ ಹಿಂದಕ್ಕೆ ಬಗ್ಗಿಸಿ, ಏದುಸಿರು ಬಿಡ್ತಾ, ಅವಳ ಬೈಗುಳ ಕೇಳ್ತಾ ಒಳಗೆ ತಂದೆ. ಹಿತ್ತಲ ಬಾಗಿಲು ಹಾರು ಹೊಡೆದಿತ್ತು, ಹೊರಗಿನ ಬೇವಿನ ಮರದ ಎಲೆಗಳ ಸಂದಿಯಿಂದ ಬಿಸಿಲು ಹೊಸ ನೆಲದ ಮೇಲೆ ಬಿದ್ದಿತ್ತು. ಆ ಕಡೆಗೆ ಮುಖ ಮಾಡಿ ಚೇರು ನಿಲ್ಲಿಸಿದೆ.

"ಹೆಂಗೈತೆ?" ಅಂದೆ.

"ಬಣ್ಣ ಪರವಾಗಿಲ್ಲ" ಅಂದಳು. ಅವಳ ಬಾಯಲ್ಲಿ ಅದೇ ದೊಡ್ಡ ಮಾತು.

ಗಾಳಿಗೆ ಇನ್ನೊಂದು ಕಿಟಕಿ ತೆಗೆಯೋಣ ಅಂತ ಹೋದೆ. ಚಿಲಕ ಬಿಗಿದುಕೊಂಡಿತ್ತು, ಅದರ ಜೊತೆ ಗುದ್ದಾಡ್ತಿದ್ದೆ. ಹಿಂದಿನಿಂದ ಅಕ್ಕ, "ನಿಧಾನಕ್ಕೆ ತಳ್ಳೇ, ಏನವಸರ?" ಅಂದಳು.

"ನಾನೆಲ್ಲಿ ತಳ್ತಿದೀನಿ?" ಅಂತ ತಿರುಗಿದೆ.

ಚೇರು ಹೋಗ್ತಾ ಇತ್ತು. ಯಾರೂ ತಳ್ಳದೇನೇ, ಸದ್ದೇ ಇಲ್ಲದೆ, ಹಿತ್ತಲ ಬಾಗಿಲ ಕಡೆಗೆ. ಹಳೇ ಹಲಗೆ ಆಗಿದ್ದರೆ ತಗ್ಗಿನಲ್ಲಿ ಸಿಕ್ಕಿಕೊಂಡು ನಿಲ್ತಿತ್ತು, ಇಲ್ಲ ಕಿರ್ರ್ ಅಂತ ಕೂಗಿಯಾದರೂ ಹೇಳ್ತಿತ್ತು. ಚೇರಿಗೆ ಬ್ರೇಕು ಅಂತ ಒಂದಿದೆ ಅನ್ನೋದೇ ನನಗೆ ಮರೆತುಹೋಗಿತ್ತು, ನಡುಮನೇಲಿ ಅದರ ಅಗತ್ಯವೇ ಬಿದ್ದಿರಲಿಲ್ಲ. ನಾನು ಕೋಣೆಯ ಆ ತುದೀಲಿ, ಅವಳು ಬಾಗಿಲಿಗೆ ಹತ್ತಿರ, ಬಾಗಿಲಿಗೆ ಹೊಸ್ತಿಲಿಲ್ಲ, ಆಚೆಗೆ ಕಲ್ಲು ಚಪ್ಪಡಿ.

"ಪಟ್ಕೋವೇ! ಓಯಮ್ಮೋ, ಪಟ್ಕೋ!" ಅಂತ ತೆಲುಗಲ್ಲಿ ಕಿರುಚಿದಳು, ಹಿಡ್ಕೋ ಹಿಡ್ಕೋ ಅಂತ.

ಓಡಿದೆ. ಇಷ್ಟು ವರ್ಷ ಮಕ್ಕಳನ್ನ ಓಡಿಸಿದ ನನಗೆ ಅವತ್ತು ಆ ಕೋಣೆ ದಾಟೋದು ಆಗಲಿಲ್ಲ. "ಅಕ್ಕಾ, ಕಾಲು! ಕಾಲು ಕೊಡೇ!" ಅಂತ ಕೂಗಿದ್ದು ನೆನಪಿದೆ. ಯಾವತ್ತೂ ಅವಳನ್ನ ನಾನು ಅಷ್ಟು ಸಲಿಗೆಯಿಂದ ಕೂಗಿದ್ದಿಲ್ಲ.

ಧಡ್ ಅಂತ ಸದ್ದಾಯಿತು. ಎರಡು ಪಾದ ಹೊಸ ನೆಲಕ್ಕೆ ಬಿದ್ದ ಸದ್ದು. ಎರಡು. ಬೆರಳೆಲ್ಲ ಅಗಲಿಸಿ, ಹಿಮ್ಮಡಿ ಒತ್ತಿ, ಎಡಗಾಲು ಬಲಗಾಲು ಎರಡನ್ನೂ ಊರಿಬಿಟ್ಟಿದ್ದಳು. ಚೇರು ನಿಂತಿತು. ಅವಳು ನಿಲ್ಲಲಿಲ್ಲ. ಬಂದ ವೇಗಕ್ಕೆ ಮೈ ಮುಂದಕ್ಕೆ ಎದ್ದು, ಎರಡು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ನಾನು ಹಿಂದಿನಿಂದ ಹೋಗಿ ಸೊಂಟ ತಬ್ಬಿ ಹಿಡಿದೆ.

"ಬುಡೇ, ಉಸಿರು ಕಟ್ತದೆ" ಅಂದಳು. "ಬುಡು ಅಂದ್ನಲ್ಲ. ನಿಂತಿದೀನಿ."

ಹೇಳಿದ ಮೇಲೆ ಅವಳಿಗೇ ಕೇಳಿಸಿತು. ಬಗ್ಗಿ ತನ್ನ ಕಾಲು ನೋಡಿಕೊಂಡಳು. ಬಲಗಾಲು ಗಡಗಡ ನಡುಗ್ತಿತ್ತು, ಆದರೆ ನೆಲದ ಮೇಲೇ ಇತ್ತು. "ನೋಯ್ತದೆ ಕಣೇ" ಅಂದಳು, ಮಗು ಹೇಳಿದ ಹಾಗೆ. "ನೋಯ್ತದೆ ಅಂದ್ರೆ ಐತೆ." ನಾನು ಅವಳ ಬೆನ್ನಿಗೆ ಮುಖ ಒತ್ತಿ ಅತ್ತುಬಿಟ್ಟೆ. ನಾನು ಅಳೋದನ್ನ ಅವಳು ನೋಡಿದ್ದು ನನ್ನ ಅಮ್ಮ ತೀರಿಕೊಂಡಾಗ ಮಾತ್ರ.

ಅವಳನ್ನ ಮಂಚಕ್ಕೆ ಸೇರಿಸಿ, ಕಾಫಿ ಕೊಟ್ಟು, ಬ್ರೇಕು ಹಾಕಿ, ಹಿತ್ತಲ ಬಾಗಿಲಿಗೆ ಅಗುಳಿ ಹಾಕಿದೆ. ಅಲ್ಲಿಗೆ ನನ್ನ ಅಳು ಮುಗಿದು ಸಿಟ್ಟು ಶುರುವಾಯಿತು. ಒಂದು ಗೋಲಿ ತಗೊಂಡು ನೆಲದ ಮೇಲೆ ಇಟ್ಟೆ, ಅದೂ ಮೆಲ್ಲಗೆ ಹಿತ್ತಲ ಬಾಗಿಲಿಗೆ ಹೊರಟಿತು. ಇನ್ನೊಂದು ಮೂಲೇಲಿ ಇಟ್ಟೆ, ಅಲ್ಲಿಂದಲೂ ಅಲ್ಲಿಗೇ. ಉಬ್ಬಿಲ್ಲ, ತಗ್ಗಿಲ್ಲ, ಇಡೀ ನೆಲ ಒಂದೇ ಸಮ ಬಾಗಿಲಿಗೆ ಇಳಿದಿತ್ತು. ಉಬ್ಬು ತಗ್ಗು ಮಾತ್ರ ನೋಡೋ ತುಮಕೂರಿನ ಹುಡುಗರ ಪಟ್ಟಿಗೆ ಈ ಇಳಿಜಾರು ಎಲ್ಲಿ ಸಿಗಬೇಕು?

ಮೇಸ್ತ್ರಿಗೆ ಫೋನು ಮಾಡಿ ಕರೆಸಿದೆ. ನಡುಮನೇಲಿ ನಿಲ್ಲಿಸಿ ಝಾಡಿಸಿದೆ. "ಏನ್ರೀ, ತಲೆ ಇದೆಯೇನ್ರೀ? ಮರದ ನೆಲಕ್ಕೆ ಯಾರಾದ್ರೂ ವಾಟ ಇಡ್ತಾರೇನ್ರೀ? ಅಕ್ಕ ಇನ್ನೊಂದು ಗೇಣು ಹೋಗಿದ್ರೆ ಏನ್ರೀ ಗತಿ?"

ಅವನು ಬೆವೆತುಹೋದ. ನನ್ನನ್ನ ನೋಡಲಿಲ್ಲ, ಮಂಚದ ಕಡೆ ನೋಡಿದ.

"ನಾನು ಸಪಾಟಾಗೇ ಹೊಡೀತಿದ್ದೆ ಮೇಡಂನೋರೇ. ಪ್ಲೈವುಡ್ ಹೊಡೆಯೋ ದಿನ ಮಧ್ಯಾಹ್ನ ದೊಡ್ಡಮ್ಮನೋರೇ ಇಲ್ಲಿಂದ ಕೂಗಿ ಹೇಳಿದ್ರು. 'ಲೇ ಮೇಸ್ತ್ರಿ, ಹಿತ್ತಲ ಬಾಗಿಲಿಗೆ ವಾಟ ಇಡು ಕಣ್ಲಾ. ಹಬ್ಬಕ್ಕೆ ನಾನೇ ತೊಳಿಯೋಳು. ನೀರು ನಿಂತ್ರೆ ಬಚ್ಚಲು ಕೀಳಿಸ್ದಂಗೆ ಇದನ್ನೂ ಕೀಳಿಸ್ತೀನಿ' ಅಂದ್ರು. ನಾನು ಇಲ್ಲ ಅನ್ನೋಕಾಗ್ತದಾ?"

ನಾನು ಅಕ್ಕನ ಕಡೆ ತಿರುಗಿದೆ. ಅವಳು ಸೆರಗಿನ ಅಂಚು ತಿರುಚುತ್ತಾ ಗೋಡೆ ನೋಡ್ತಿದ್ದಳು.

ಪ್ಲೈವುಡ್ ಹೊಡೆದ ದಿನ. ಅದೇ ದಿನ ಸಂಜೆ ತಾನೇ ನನ್ನ ಹತ್ತಿರ, ಆ ಕೋಣೇಲಿ ನಾನಿನ್ನು ನಡೆಯೋದುಂಟಾ ಅಂದಿದ್ದು? ಮಧ್ಯಾಹ್ನ ಮೇಸ್ತ್ರಿಗೆ ಹಬ್ಬಕ್ಕೆ ತೊಳೀತೀನಿ ಅಂದವಳು ಸಂಜೆ ನನಗೆ ಹಾಗಂದಿದ್ದಳು. ನಡೆಯೋ ಆಸೆ ಇದೆ ಅಂತ ನನ್ನ ಮುಂದೆ ಒಪ್ಪಿಕೊಂಡರೆ ನಾನು ಸೀಟಿ ಊದಿಬಿಡ್ತೀನಿ ಅಂತಲೋ, ಒಪ್ಪಿಕೊಂಡು ಆಗದೇ ಹೋದರೆ ಅಂತಲೋ. ಮೇಸ್ತ್ರಿಗೆ ಮಾತ್ರ ಹೇಳಿದ್ದಳು, ಕೆಲಸದ ಮಾತು ಅನ್ನೋ ಹಾಗೆ.

ಅವಳ ಮಂಚದ ಅಂಚಿಗೆ ಕೂತೆ. "ಅಕ್ಕಾ, ಆ ನೆಲಕ್ಕೆ ನೀರು ಹಾಕಂಗಿಲ್ಲ ಕಣಕ್ಕಾ. ಉಬ್ಕೊಂಡುಬುಡುತ್ತೆ. ಬರೀ ಒರೆಸಬೇಕಂತೆ" ಅಂದೆ.

ಅವಳ ಮುಖ ನೋಡಬೇಕಿತ್ತು.

"ನೀರು ಹಾಕಂಗಿಲ್ವಾ? ಥೂ, ಅದ್ಯಾವ ಸೀಮೆ ನೆಲಾನೇ ತಂದು ಹಾಕಿಸ್ದೆ?" ಅಂದಳು. ಆಮೇಲೆ ಬಲಗಾಲನ್ನ, ಕೈಯಲ್ಲಿ ಎತ್ತದೆ, ತಾನಾಗಿ ಮಂಚದಿಂದ ಕೆಳಗಿಳಿಸಿದಳು. ವಾಕರ್ ಮೇಲಿದ್ದ ಟವೆಲ್ ತೆಗೆದು ನನ್ನ ಮಡಿಲಿಗೆ ಎಸೆದಳು.

"ಏಳೇ, ಇದನ್ನ ಒದ್ದೆ ಮಾಡಿ ಹಿಂಡ್ಕೊಂಬಾ. ಹೆಂಗೆ ಒರೆಸ್ತೀಯೋ ನಾನು ನಿಂತು ನೋಡ್ಬೇಕು."